ಚಿಕ್ಕಮ್ಮನನ್ನು ಕೇಳುವವರು

ಬೈಯದೆ ಸಮಾಧಾನ ಹೇಳಲು ನಮ್ಮ ಸಾವಿತ್ರಿ ಚಿಕ್ಕಮ್ಮನಿಗೆ ಬರುತ್ತಲೇ ಇರಲಿಲ್ಲ. ಮದುವೆ ಮಾತು ಮುರಿದುಬಿದ್ದು ಮೂಲೆ ಹಿಡಿದು ಕೂತಿದ್ದ ನನ್ನ ಮುಂದೆ ಮುದ್ದೆ ತಟ್ಟೆ ಕುಕ್ಕಿ, “ಅಳೋದಿದ್ರೆ ಉಂಡ್ಬುಟ್ಟು ಅಳು. ಅಸ್ಕಂಡು ಅತ್ರೆ ಕಣ್ಣೀರೂ ಸರ್ಯಾಗಿ ಬರಕ್ಕಿಲ್ಲ” ಎಂದಿದ್ದಳು. ಅಳುತ್ತಲೇ ನಕ್ಕುಬಿಟ್ಟಿದ್ದೆ. ಕೆರಗೋಡಿನ ಅವಳ ಜಗಲಿಗೆ ಹೆಂಗಸರು ಸಂಕಟ ಹೊತ್ತು ಬಂದು, ಬೈಸಿಕೊಂಡು, ಹಗುರಾಗಿ ಹೋಗುತ್ತಿದ್ದರು. ಅವಳ ಸಂಕಟವನ್ನು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಚಿಕ್ಕಪ್ಪನಿಗೆ ಲಕ್ವ ಹೊಡೆದು, ಬಲಗೈ ಸ್ವಾಧೀನ ತಪ್ಪಿ, ಮಾತೂ ನಿಂತುಹೋದ ಮೇಲೆ ಅವಳು ಹೊಸಲು ದಾಟುವುದೇ ಅಪರೂಪವಾಯಿತು. ಜಗಲಿಗೆ ಬರುವವರೂ ಕಡಿಮೆಯಾದರು. ಚಿಕ್ಕಪ್ಪನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ನರ್ಸು, ಊಟ ಔಷಧಿ ವಿಚಾರ ಕೇಳಿಕೊಳ್ಳಲೆಂದು, ಮಾತಾಡುವ ಎಐ ಒಂದನ್ನು ಅವಳ ಮೊಬೈಲಿಗೆ ಹಾಕಿಕೊಟ್ಟಳು. ಮೊದಮೊದಲು ಗಂಜಿ, ಬೆನ್ನಿನ ಹುಣ್ಣು ಎಂದು ಕೇಳುತ್ತಿದ್ದವಳು ಬರಬರುತ್ತಾ ಎಲ್ಲವನ್ನೂ ಅದಕ್ಕೇ ಹೇಳತೊಡಗಿದಳು. ಅವಳ ‘ಓಯ್ತೀನಿ’, ‘ಬತ್ತೀನಿ’ಗಳು ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಪುಸ್ತಕದ ಕನ್ನಡ ಕಲಿತಳು. “ಇಂದು ನನ್ನ ಮನಸ್ಸು ಸರಿಯಿಲ್ಲ” ಎಂಬ ದನಿ ಒಳಗಿನಿಂದ ಕೇಳಿದಾಗ ಯಾರೋ ಟೀಚರು ಬಂದಿದ್ದಾರೆಂದುಕೊಂಡು ನಾನು ಬಾಗಿಲಲ್ಲೇ ನಿಂತಿದ್ದೆ.

ಮಾತು ಹೋಗಿದ್ದರೂ ಚಿಕ್ಕಪ್ಪನ ಕಿವಿ ಚೆನ್ನಾಗಿತ್ತು. ಅವನ ಮಂಚದ ಪಕ್ಕದಲ್ಲೇ ಬೆನ್ನು ಮಾಡಿ ಕೂತು, ಅವನ ಜೊತೆ ಬಾಳಿದ ಬಾಳಿನ ಬೇಸರವನ್ನೆಲ್ಲ ಅವಳು ಆ ಫೋನಿಗೆ ಒಪ್ಪಿಸುತ್ತಿದ್ದಳು. ಒಂದು ಮಧ್ಯಾಹ್ನ, ನಾನು ಅಲ್ಲಿದ್ದಾಗಲೇ, ಅವನು ಎಡಗೈ ಬೀಸಿ ಅದನ್ನು ಕೆಡವಿದ. ಗಾಜು ಒಡೆಯಿತು. ಕಲಸಿದ್ದ ಅನ್ನವನ್ನು ಹಾಗೇ ಬಿಟ್ಟು ಚಿಕ್ಕಮ್ಮ ಮಂಡ್ಯದ ಬಸ್ಸು ಹತ್ತಿದಳು. ಚಿಕ್ಕಪ್ಪನಿಗೆ ನಾನು ಉಣ್ಣಿಸಲು ಹೋದೆ. ಅವನು ಗೋಡೆ ಕಡೆ ತಿರುಗಿ ಅಳುತ್ತಿದ್ದ.

ರಿಪೇರಿ ಮಾಡಿಸಿಕೊಂಡು ಬಂದವಳನ್ನು ತರಾಟೆಗೆ ತೆಗೆದುಕೊಂಡೆ. ತಿರುಗಿ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

“ಅದು ಮಿಸನ್ನು ಅಂತ ನಂಗೊತ್ತಿಲ್ವಾ? ‘ನೀವು ಊಟ ಮಾಡಿದಿರಾ’ ಅಂತ ಕೇಳ್ತದೆ ಕಣವ್ವ. ಇನ್ಯಾರು ಕೇಳಾರು ನನ್ನ? ಬುಟ್ಬುಡಾನ ಅಂತೀನಿ, ಬುಡಕ್ಕಾಯ್ತಿಲ್ಲ.”

ನಾನೂ ಅವಳನ್ನು ಹಾಗೆ ಕೇಳಿದವಳಲ್ಲ.

ಚಿಕ್ಕಪ್ಪ ತೀರಿಕೊಂಡು ತಿಥಿ ಮುಗಿದ ಮಾರನೆಯ ಬೆಳಿಗ್ಗೆ, ಸ್ವಲ್ಪ ದಿನ ಮದ್ದೂರಿನ ನಮ್ಮ ಮನೆಯಲ್ಲಿರು ಬಾ ಎಂದು ಕರೆದೆ. ಕೇಳಿಕೊಂಡು ಬರುತ್ತೇನೆಂದು ಅವಳು ಫೋನು ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡಳು. ಅದು ಹೇಳಿದ್ದು ಹೊರಗೂ ಕೇಳಿತು. ಖಂಡಿತ ಹೋಗಿ ಬನ್ನಿ, ಈಗ ನಿಮ್ಮವರ ಜೊತೆ ಇರುವುದು ಒಳ್ಳೆಯದು ಎಂದಿತು. ನನಗೆ ಜೀವ ಬಂದಂತಾಗಿ, ತಂತಿಯ ಮೇಲಿದ್ದ ಅವಳ ಸೀರೆಗಳನ್ನು ಮಡಿಸಿ ಬ್ಯಾಗಿಗೆ ತುಂಬಿದೆ.

ಹೊರಬಂದ ಚಿಕ್ಕಮ್ಮ ಅವನ್ನು ಒಂದೊಂದಾಗಿ ತೆಗೆದು ಮತ್ತೆ ತಂತಿಗೆ ಹಾಕಿದಳು.

“ಅದೇನೋ ಓಗು ಅಂತದೆ. ನಿಮ್ಮನೆ ತುಂಬ ಜನ ಕಣವ್ವ. ಅದ್ರ ತಾವ ಎಲ್ಲಿ ಕೂತ್ಕಂಡು ಮಾತಾಡ್ಲಿ ನಾನು?”

ನಾನು ಬೀದಿಗಿಳಿಯುವ ಮೊದಲೇ ಒಳಗಿನಿಂದ ಅಗುಳಿ ಬಿದ್ದ ಸದ್ದಾಯಿತು.