ಕರಿಬೇವಿನ ಗಿಡದ ಚಿಟ್ಟೆ

ಚಿಟ್ಟೆಗಳ ಫೋಟೋ ತೆಗೆಯುತ್ತಿದ್ದೆ ಎಂದು ಗೊತ್ತಾದರೆ ಸಾಕು, ಜನ ನನ್ನನ್ನು ಬಹಳ ಮೃದು ಮನಸ್ಸಿನವನು ಅಂದುಕೊಳ್ಳುತ್ತಾರೆ. ಮೈಯೆಲ್ಲ ಉರಿಯುತ್ತದೆ ನನಗೆ. ಮೊದಲನೆಯದಾಗಿ, ಚಿಟ್ಟೆಗಳು ಸದಾ ಹೂವಿನ ಮೇಲೇ ಕೂರುವುದಿಲ್ಲ. ಹೊಳಲ್ಕೆರೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಹಿತ್ತಲಲ್ಲಿ ಬಚ್ಚಲ ನೀರು ಹರಿದು ಕೊಚ್ಚೆಯಾದ ಜಾಗಕ್ಕೇ ಅವು ಹೆಚ್ಚು ಬರುತ್ತಿದ್ದವು. ಕೊಳೆತ ಪಪ್ಪಾಯಿ, ನಾಯಿಯ ಹೇಲು, ಯಾವುದಾದರೂ ಆದೀತು. ಅದರ ಪಕ್ಕದಲ್ಲೇ ಮೊಣಕಾಲೂರಿ, ಉಸಿರು ಬಿಗಿಹಿಡಿದು ನಾನು ಕ್ಯಾಮೆರಾ ಹಿಡಿಯುತ್ತಿದ್ದೆ. ಎರಡನೆಯದಾಗಿ, ನಾನು ಎಂಥವನು ಎಂಬುದನ್ನು ಮುಂದೆ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ನಾನು ಒಂದು ಕಚೇರಿಯಲ್ಲಿ ಗುಮಾಸ್ತ. ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕೊಂಡು ಚಿಟ್ಟೆಗಳ ಹಿಂದೆ ಬಿದ್ದಿದ್ದೆ. ಒಂದು ರೀಲಿಗೆ ಮೂವತ್ತಾರು ಫೋಟೋ. ತೊಳೆಸಲು ಚಿತ್ರದುರ್ಗದ ಸ್ಟುಡಿಯೋಗೆ ಬಸ್ಸಿನಲ್ಲಿ ಹೋಗಬೇಕು. ಮೂವತ್ತಾರರಲ್ಲಿ ಮೂವತ್ತು ಬರೀ ಎಲೆ. ಸ್ಟುಡಿಯೋದವನು ಮದುವೆ ಫೋಟೋ ತೆಗೆದು ಪಳಗಿದ ಆಸಾಮಿ. ನನ್ನ ಫೋಟೋಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿಕೊಂಡು ನಗುತ್ತಿದ್ದ.

"ಸಾರ್, ಎಲೆ ಚೆನ್ನಾಗ್ ಬಂದೈತೆ. ಚಿಟ್ಟೆ ಎಲ್ಲೈತೆ?"

ಹೀಗೇ ನಗುತ್ತ ಒಂದು ದಿನ ಅವನೇ ಉಪಾಯ ಹೇಳಿಕೊಟ್ಟ. "ಹಿಡ್ದು ಡಬ್ಬೀಲಿ ಹಾಕಿ ಫ್ರಿಜ್‌ನಾಗೆ ಇಡ್ರಿ. ಚಳಿಗೆ ಮರಗಟ್ಟಿ ಕುಂತಿರ್ತೈತೆ. ಆಮೇಲೆ ಯಾವ ಹೂವಿನ ಮೇಲೆ ಇಟ್ರೂ ಅಲ್ಲೇ. ದೊಡ್ಡ ದೊಡ್ಡೋರೆಲ್ಲ ಹಿಂಗೇ ತೆಗಿಯೋದು. ದುರ್ಗದಾಗೆ ಫೋಟೋ ಪ್ರದರ್ಶನ ಐತೆ, ಒಂದು ಒಳ್ಳೇದು ಕೊಡ್ರಿ, ಬಹುಮಾನ ನಿಮ್ದೇ."

"ಥೂ, ಅದೂ ಒಂದು ಫೋಟೋನೇನ್ರಿ?" ಎಂದು ದೊಡ್ಡ ಮನುಷ್ಯನಂತೆ ಎದ್ದು ಬಂದೆ. ಆದರೆ ಬಸ್ಸು ಊರು ಮುಟ್ಟುವವರೆಗೂ ಅವನ ಮಾತೇ ತಲೆಯಲ್ಲಿತ್ತು.

ಅದೇ ದಿನಗಳಲ್ಲಿ ಅವ್ವ ಕರಿಬೇವಿನ ಗಿಡದಲ್ಲಿ ಒಂದು ಹುಳ ಕಂಡಳು. ಮೊದಲು ಅದು ಹಕ್ಕಿಯ ಹಿಕ್ಕೆಯಂತೆಯೇ ಇತ್ತು, ನೋಡಲು ವಾಕರಿಕೆ. ಬರಬರುತ್ತ ಹಸಿರಾಗಿ ಬೆರಳುದ್ದ ಬೆಳೆಯಿತು. ನಾನು ಕಡ್ಡಿಯಿಂದ ತಿವಿದರೆ ತಲೆಯೊಳಗಿಂದ ಕೆಂಪು ಕೊಂಬು ಹೊರಚಾಚಿ, ನಾರುವ ವಾಸನೆ ಬಿಟ್ಟಿತು. ಕಿತ್ತೆಸೆಯಲು ಹೋದೆ. ಅವ್ವ ಕೈ ಹಿಡಿದಳು. ಮುಂದೆ ಅದು ಒಂದು ಕಡ್ಡಿಗೆ ತನ್ನನ್ನು ನೂಲಿನಿಂದ ಬಿಗಿದುಕೊಂಡು ಗೂಡಾದಾಗಂತೂ ಗಿಡವನ್ನು ಮುಟ್ಟುವುದನ್ನೇ ನಿಲ್ಲಿಸಿಬಿಟ್ಟಳು.

"ಹೆರಿಗೆಗೆ ಬಂದೋಳು ಮಲಗಿರೋ ಕೋಣೆಗೆ ಯಾರಾದ್ರೂ ನುಗ್ತಾರೇನೋ? ಹೋಗೋವರ್ಗೂ ಒಂದೆಲೆ ಕೀಳಂಗಿಲ್ಲ."

ಕರಿಬೇವು ಕೇಳಿಕೊಂಡು ಬಂದ ಅಕ್ಕಪಕ್ಕದ ಹೆಂಗಸರನ್ನೂ ಹೀಗೇ ಹೇಳಿ ಸಾಗಹಾಕಿದಳು. ಅವರು ನಗುತ್ತ ಹೋದರು. ನಮ್ಮ ಮನೆಯ ಉಪ್ಪಿಟ್ಟು, ಚಿತ್ರಾನ್ನಗಳಿಗೆ ಕರಿಬೇವಿಲ್ಲ. ಸಾರು ಸಪ್ಪೆ ಎಂದು ನಾನು ಗೊಣಗಿದರೆ, "ನಾಲ್ಕು ದಿನ ನಾಲಿಗೆ ಬಿಗಿ ಹಿಡಿ" ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದವಳು ಮೊದಲು ಗಿಡದ ಹತ್ತಿರ ಹೋಗಿ ನೋಡಿ ಬಂದೇ ಒಲೆ ಹಚ್ಚುವುದು. "ಅದು ಹಾರಿ ಹೋಗೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಕಣಪ್ಪ. ಇಷ್ಟು ವಯಸ್ಸಾತು, ಇದೊಂದು ನೋಡಿಲ್ಲ" ಎಂದು ಬಾಯಿಬಿಟ್ಟು ಹೇಳಿದ್ದಳು. ಅವಳು ತನಗಾಗಿ ಬೇಕೆಂದು ಕೇಳಿದ್ದು ಅಪರೂಪ.

ಅದು ಗೂಡು ಒಡೆದದ್ದು ಒಂದು ಭಾನುವಾರ. ಅವ್ವ ಎಂದಿನಂತೆ ಗಿಡ ನೋಡಿ, ಏನೂ ಆಗಿಲ್ಲವೆಂದು ಗುಡಿಗೆ ಹೋಗಿದ್ದಳು. ಹಲ್ಲುಜ್ಜುತ್ತ ಹಿತ್ತಲಿಗೆ ಬಂದ ನಾನು ನೋಡಿದರೆ ಚಿಟ್ಟೆ ಹೊರಗೆ ಬಂದಿದೆ. ಕಪ್ಪು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲು. ರೆಕ್ಕೆ ಇನ್ನೂ ಒದ್ದೆ, ಮೆತ್ತಗೆ ಜೋತುಬಿದ್ದಿತ್ತು. ಪ್ರದರ್ಶನಕ್ಕೆ ಫೋಟೋ ಕೊಡಲು ಮರುದಿನವೇ ಕಡೆಯ ದಿನ. ರೀಲಿನಲ್ಲಿ ಉಳಿದಿದ್ದು ಮೂರು. ಮಧ್ಯಾಹ್ನದ ಬಸ್ಸಿಗೆ ರೀಲು ಹೋಗಲೇಬೇಕು. ಮೆಲ್ಲಗೆ ಎತ್ತಿ ಕೆಂಪು ದಾಸವಾಳದ ಮೇಲೆ ಇಟ್ಟೆ. ಅದು ನಿಲ್ಲಲಿಲ್ಲ, ಮೇಲೆ ಮೇಲೆ ಹತ್ತುತ್ತಲೇ ಇತ್ತು. ರೆಕ್ಕೆ ಒಣಗಲು ಅದಕ್ಕೆ ಎಲ್ಲಾದರೂ ನೇತುಬೀಳಬೇಕಿತ್ತು. ನನಗೆ ಕೆಂಪು ಹೂವೇ ಬೇಕಿತ್ತು. ನಾಲ್ಕು ಸಲ ಇಟ್ಟೆ, ನಾಲ್ಕು ಸಲವೂ ಹತ್ತಿತು. ಅವ್ವ ಬಂದುಬಿಟ್ಟರೆ ಮುಟ್ಟಲು ಬಿಡುವುದಿಲ್ಲ.

ಒಳಗೆ ಹೋಗಿ ಸಾಸಿವೆ ಡಬ್ಬಿ ಬರಿದು ಮಾಡಿದೆ. ಚಿಟ್ಟೆಯನ್ನು ಅದರೊಳಗೆ ಹಾಕಿ, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಟ್ಟೆ. ಹತ್ತು ನಿಮಿಷ ಸಾಕೆಂದುಕೊಂಡಿದ್ದೆ. ಖಚಿತವಾಗಲೆಂದು ಕಾಲು ಗಂಟೆ ಬಿಟ್ಟೆ. ತೆಗೆದಾಗ ಅದು ಅಲುಗಲಿಲ್ಲ. ಒಂದು ರೆಕ್ಕೆ ಡಬ್ಬಿಯ ಗೋಡೆಗೆ ಒತ್ತಿಕೊಂಡು ಸುರುಟಿತ್ತು. ಸರಿಯಿದ್ದ ರೆಕ್ಕೆ ಕ್ಯಾಮೆರಾದ ಕಡೆ ಬರುವ ಹಾಗೆ ದಾಸವಾಳದ ಮೇಲೆ ಕೂರಿಸಿ, ಮೂರಕ್ಕೆ ಮೂರನ್ನೂ ತೆಗೆದೆ. ಆಮೇಲೆ ಕರಿಬೇವಿನ ಕಡ್ಡಿಗೆ ವಾಪಸು ಹತ್ತಿಸಿ, ಡಬ್ಬಿ ತೊಳೆದು ಒರೆಸಿ ಸಾಸಿವೆ ತುಂಬಿಟ್ಟೆ. ಇಷ್ಟು ಅಚ್ಚುಕಟ್ಟಾಗಿ ನಾನು ಕಚೇರಿಯಲ್ಲೂ ಯಾವ ಕೆಲಸವನ್ನೂ ಮಾಡಿದವನಲ್ಲ.

ಅವ್ವ ಬಂದು ನೋಡಿ ಕುಣಿದಾಡುವುದೊಂದು ಬಾಕಿ. ಗಿಡದ ಬುಡದಲ್ಲೇ ಕುಂತಳು. ಬಿಸಿಲೇರಿತು. ಚಿಟ್ಟೆ ಒಂದು ರೆಕ್ಕೆ ಬಿಚ್ಚಿತು, ಇನ್ನೊಂದು ಬಿಚ್ಚಲಿಲ್ಲ. ಸುರುಟಿದ ಹಾಗೆಯೇ ಒಣಗಿತು. ಹಾರಲು ಹೋಗಿ ದೊಪ್ಪೆಂದು ನೆಲಕ್ಕೆ ಬಿದ್ದು ಗಿರಗಿರ ಸುತ್ತಿತು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಸಂಜೆ ಬಂದಾಗ ಅವ್ವ ಹತ್ತಿಯಲ್ಲಿ ಸಕ್ಕರೆ ನೀರು ಅದ್ದಿ ಅದರ ಬಾಯಿಗೆ ಹಿಡಿದಿದ್ದಳು. ಮೂರನೆಯ ದಿನ ಇರುವೆಗಳು ಅದನ್ನು ಎಳೆದುಕೊಂಡು ಹೋಗುತ್ತಿದ್ದವು. ಬಿಡಿಸಿಕೊಂಡು ಗಿಡದ ಬುಡದಲ್ಲೇ ಮಣ್ಣು ಮಾಡಿದಳು.

ಫೋಟೋಗೆ ಮೊದಲ ಬಹುಮಾನ ಬಂತು. ಸ್ಟುಡಿಯೋದವನು ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಟ್ಟ. ನಾನು ನಾಚಿಕೆಯಿಲ್ಲದೆ ನಡುಮನೆಯ ಗೋಡೆಗೆ ತೂಗುಹಾಕಿದೆ. ಅವ್ವ ಗುಡಿಯಲ್ಲಿದ್ದಾಗ ಅದು ತಾನಾಗೇ ಹೂವಿಗೆ ಹತ್ತಿತ್ತು ಎಂದಿದ್ದೆ, ಅವಳು ನಂಬಿದ್ದಳು. ಬಂದವರೆಲ್ಲ "ಇನ್ನೇನು ಹಾರೇಬಿಡ್ತೈತೆ ಅನ್ನಂಗೈತಲ್ರಿ" ಎನ್ನುವರು. ಎಷ್ಟು ತಾಳ್ಮೆ ನಿಮ್ಮದು ಎನ್ನುವರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಆ ನಗೆ ನೆನೆಸಿಕೊಂಡರೆ ಇವತ್ತಿಗೂ ನನಗೆ ನನ್ನ ಮುಖಕ್ಕೇ ಉಗಿಯಬೇಕೆನಿಸುತ್ತದೆ.

ಒಂದು ಮಧ್ಯಾಹ್ನ ಬಂದವರನ್ನು ಕಳಿಸಿ ಒಳಗೆ ಬಂದರೆ ಅವ್ವ ಫೋಟೋದ ಎದುರು ನಿಂತಿದ್ದಳು.

"ನಿನಗೊಂದು ಹೇಳ್ಬೇಕು, ಬೈಬ್ಯಾಡ" ಎಂದಳು. "ನಿಮ್ಮ ಆಫೀಸಿನೋರು ಊಟಕ್ಕೆ ಬಂದಿದ್ರಲ್ಲ, ಅವತ್ತು ಸಾರಿಗೆ ಬರೇ ಒಗ್ಗರಣೆ ಹೆಂಗಿಕ್ಲಿ ಅಂತ ಒಂದೇ ಒಂದು ಕಡ್ಡಿ ಮುರ್ಕಂಡೆ. ಗಿಡ ಅಲ್ಲಾಡ್ತು. ಗೂಡಿನೊಳಗೆ ಅದ್ಕೆ ಪೆಟ್ಟಾತು ಕಣಪ್ಪ. ಊರೋರಿಗೆಲ್ಲ ಬ್ಯಾಡ ಅಂದು ನಾನೇ ಕೈಯಾರೆ ಕುಂಟು ಮಾಡ್ದೆ."

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ.

"ಹೋಗ್ಲಿ ಬಿಡವ್ವ, ಬೇಕಂತ ಮಾಡಿದ್ಯಾ?" ಎಂದೆ.

ಹೀಗೆ ನಾನು ನನ್ನ ಅವ್ವನನ್ನು ಕ್ಷಮಿಸಿದೆ. ಅವಳಿಗೆ ಎಷ್ಟೋ ಹಗುರವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಫೋಟೋದ ಗಾಜನ್ನೂ ಒರೆಸಿದಳು.