ಗಾಜಿನ ತಟ್ಟೆಯಲ್ಲೊಂದು ಹಸಿರು ಉಂಗುರ

ಆ ಉಂಗುರಕ್ಕೆ ನಾವು ತೆತ್ತ ಬೆಲೆ, ತಂದಿದ್ದ ಕಿಣ್ವದ ಅರ್ಧ ಪಾಲು. ಅದು ಹಾಳಾದದ್ದು ಬಿತ್ತನೆಯ ಹಾಗೆ ಎಲ್ಲದಕ್ಕೂ ಅಂತರ ಬಿಡೋ ನಮ್ಮ ಕಡೆಯ ಬುದ್ಧಿಯಿಂದ.

ನಾನು ಮಧುಗಿರಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಓದಿದ್ದು ಮಾತ್ರ ಶಿರಾದಲ್ಲಿ ಹೂ ಮಾರಿ. ಆ ಬಾಯಿ ಇನ್ನೂ ಹಾಗೇ ಇದೆ. ದೊಡ್ಡ ಪ್ರಯೋಗಾಲಯವೊಂದರಲ್ಲಿ ಚೌಕಾಸಿ ಮಾಡಿ, ಡಿಎನ್‌ಎ ತುಣುಕುಗಳನ್ನೂ ಅವನ್ನು ನಕಲು ಮಾಡುವ ಕಿಣ್ವವನ್ನೂ ಐಸ್ ಡಬ್ಬಿಯಲ್ಲಿ ತಂದೆ. ಬೇಕಾಗಿದ್ದುದು ನನ್ನ ವಿದ್ಯಾರ್ಥಿನಿಗೆ, ಪಾವಗಡದ ಕಡಲೆಕಾಯಿ ಬೆಳೆಯುವ ಮನೆಯ ಹುಡುಗಿಗೆ. ಆ ಪ್ರಯೋಗಾಲಯದ ಬೇಸಿಗೆ ತರಬೇತಿಗೇ ಅವಳು ಅರ್ಜಿ ಹಾಕಿದ್ದಳು. ತಾನೇ ಮಾಡಿದ ಪ್ರಯೋಗದ ಚಿತ್ರವನ್ನು ಶನಿವಾರ ಸಂಜೆಯೊಳಗೆ ಕಳಿಸಬೇಕಿತ್ತು.

ಈ ತುಣುಕುಗಳ ಸ್ವಭಾವ ವಿಚಿತ್ರ, ನಮಗೆ ಅದು ಅರ್ಥವಾದದ್ದು ಆಮೇಲೆ. ಒಂಟಿಯಾಗಿದ್ದರೆ ನಕಲಾಗೋದು ನಿಧಾನ, ಅಷ್ಟರಲ್ಲಿ ಕರಗಿಯೇ ಹೋಗುತ್ತವೆ. ಗುಂಪಾಗಿದ್ದರೆ ಒಂದು ಇನ್ನೊಂದನ್ನು ಬೆಳೆಸುತ್ತೆ. ಬೆಳೆದಷ್ಟೂ ಹಸಿರಾಗಿ ಹೊಳೆಯುತ್ತೆ.

ಶುಕ್ರವಾರ ಅವಳು ಗಾಜಿನ ತಟ್ಟೆಯಲ್ಲಿ ಲೋಳೆಯಂತೆ ಹರಡಿದ ತೆಳು ಜೆಲ್ಲಿನ ಮೇಲೆ, ತುಣುಕು ಕಿಣ್ವ ಬೆರೆಸಿದ ದ್ರವವನ್ನು ಬೆರಳಗಲ ಬಿಟ್ಟು ಬಿಟ್ಟು ಚುಕ್ಕಿ ಇಟ್ಟಳು.

"ಇದೇನೇ, ಕಡ್ಲೇಕಾಯಿ ಬಿತ್ತಿದಂಗೆ?"

"ಒತ್ತಾಗಿ ಹಾಕಿದ್ರೆ ಯಾವುದೂ ಏಳಲ್ಲ ಮೇಡಂ. ನಮ್ಮಪ್ಪ ಕಂಡ್ರೆ ಬೈತಾನೆ."

ನನಗೂ ಸರಿ ಅನ್ನಿಸಿತು. ಸಂಜೆ ನೀಲಿ ದೀಪದಡಿ ನೋಡಿದರೆ ತಟ್ಟೆಯೆಲ್ಲ ಕಪ್ಪು, ಒಂದು ಚುಕ್ಕಿಯೂ ಹೊಳೆಯುತ್ತಿಲ್ಲ.

"ಅಯಿಪೋಯಿಂದಿ ಮೇಡಂ, ಮುಗೀತು. ಅರ್ಜಿ ವಾಪಸ್ ತಗಂಬುಡ್ತೀನಿ."

"ಸುಮ್ನಿರೇ, ಅರ್ಧ ಉಳಿದೈತೆ. ಹೂವಿನ ಮಂಡೀಲಿ ಒಬ್ಳೇ ಹೋಗಿ ದರ ಕೇಳಿದ್ರೆ ದಲ್ಲಾಳಿ ತಲೇನೇ ಎತ್ತುತಿರಲಿಲ್ಲ. ಹೆಂಗಸ್ರೆಲ್ಲ ಒಟ್ಟಿಗೆ ಮುತ್ಕೊಂಡ್ರೆ ದರ ಇಳಿಸೋನು."

ಅವಳು ತಟ್ಟೆಯನ್ನೇ ನೋಡಿದಳು. "ಎಲ್ಲಾ ಒಂದೇ ಕಡೆ ಹಾಕಿಬುಡ್ಲಾ? ಹೋದ್ರೆ?"

"ಹೋದ್ರೆ ಹೋಗ್ಲಿ, ಹಾಕು."

ಶನಿವಾರ ಬೆಳಿಗ್ಗೆ ಹೊಸ ತಟ್ಟೆಯ ನಟ್ಟನಡುವೆ ಒಂದೇ ಹನಿ ಇಟ್ಟಳು. ಮಧ್ಯಾಹ್ನಕ್ಕೆ ನೀಲಿ ದೀಪದಡಿ ಅಲ್ಲಿ ಹಸಿರು ಬೆಳಗಿತು. ಆಮೇಲೆ ಮಧ್ಯದಲ್ಲಿ ಬೆಳೆಯಲು ಬೇಕಾದ ಸರಕು ಖಾಲಿಯಾಗಿ ಕಪ್ಪಾಯಿತು. ಹಸಿರು ಮಾತ್ರ ಉಂಗುರವಾಗಿ ಅಂಚಿನ ಕಡೆ ಹೊರಟಿತು.

"ನಡೀತಾ ಐತೆ, ನೋಡ್ರಿ ಮೇಡಂ, ನಡೀತಾ ಐತೆ!"

ಫೋಟೋ ಹೊತ್ತಿಗೆ ಸರಿಯಾಗಿ ಹೋಯಿತು. ತರಬೇತಿಗೆ ಕರೆಯೂ ಬಂತು.

ನೀವೂ ಮಾಡೋದಾದರೆ ಕೇಳಿ. ಹನಿ ಚಿಕ್ಕದಿದ್ದರೂ ಒಂದೇ ಕಡೆ ಇಡಿ. ಜೆಲ್ಲಿನ ಮೇಲೆ ಇನ್ನೊಂದು ಗಾಜು ಮುಚ್ಚಿ ಅಂಚಿಗೆ ನೈಲ್‌ಪಾಲಿಶ್ ಬಳಿಯಿರಿ, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಜೆಲ್ ಒಣಗುತ್ತೆ. ಕಿಣ್ವ ಕೇಳಲು ಹೋಗುವಾಗ ವಿದ್ಯಾರ್ಥಿಯನ್ನೂ ಕರೆದುಕೊಂಡು ಹೋಗಿ. ಫೋನಿನಲ್ಲಿ ಇಲ್ಲ ಅನ್ನೋರಿಗೆ, ಎದುರಿಗೆ ನಿಂತ ಹುಡುಗಿಗೆ ಹಾಗನ್ನೋಕೆ ಬಾಯಿ ಬರೋಲ್ಲ.