ಎತ್ತರದ ಜಾಗ

ಗೋದಾಮು ಕಟ್ಟಬೇಕೆಂದು ಆ ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ಹಿರಿಸೊಸೆ. ಬಿಟ್ಟ ಬಾಯನ್ನು ಆಮೇಲೆ ಮುಚ್ಚಲೂ ಇಲ್ಲ. ಅದಕ್ಕೆ ಕಾರಣವಿತ್ತು. ಅವಳ ಗಂಡ ಸತ್ತದ್ದು ಗೋಧಿ ಮೂಟೆಗಳ ಮೇಲಿಂದ ಬಿದ್ದು. ಕಣದ ಪಕ್ಕದಲ್ಲಿ ಮೂಟೆಗಳನ್ನು ಮನೆಯೆತ್ತರಕ್ಕೆ ಪೇರಿಸಿ ಟಾರ್ಪಾಲು ಹೊದಿಸಿಡುವುದು ಮಾವನ ಪದ್ಧತಿ. ಒಂದು ಸಂಜೆ ಗಾಳಿಮಳೆಗೆ ಟಾರ್ಪಾಲು ಹಾರತೊಡಗಿದಾಗ ಮಾವ ಕೆಳಗೆ ನಿಂತು "ಹತ್ತೋ, ಹತ್ತೋ" ಎಂದು ಕೂಗಿದ. ಮಗ ಹತ್ತಿದ. ಕಾಲು ಜಾರಿತು. ಹೆಣ ಎತ್ತಿಸುವ ಮೊದಲು ಮಾವ ಟಾರ್ಪಾಲಿನ ಹಗ್ಗ ಬಿಗಿಸಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

ಜಮೀನಿನ ಮೇಲ್ಭಾಗದಲ್ಲಿ, ಗಂಡ ಮದುವೆಗೆ ಮುಂಚೆ ತಾನೇ ನಿಂತು ಕಟ್ಟಿಸಿದ್ದ ಎರಡು ಕೋಣೆಯ ಮನೆಯಲ್ಲಿ ಅವಳೂ ಮಗಳೂ ಇದ್ದರು. ಕೆಳಗಿನ ದೊಡ್ಡ ಮನೆ ಮಾವನದು, ಮೈದುನನದು. ಆಳುಗಳನ್ನು ಕರೆಯುವುದು, ಬೀಜಗೊಬ್ಬರ ತರಿಸುವುದು, ವ್ಯಾಪಾರಿಯ ಜೊತೆ ಗುದ್ದಾಡುವುದು ಎಲ್ಲಾ ಅವಳ ತಲೆಗೇ. ಮೈದುನನಿಗೆ ಮೈ ಬಗ್ಗುತ್ತಿರಲಿಲ್ಲ.

ಗಂಡನ ಹೆಸರೆತ್ತಿದರೆ ಮಾವ ಎದ್ದು ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ನಷ್ಟದ ಮಾತನ್ನೇ ಆಡುತ್ತಿದ್ದಳು. ಒದ್ದೆ, ಬೂಷ್ಟು, ಇಲಿ, ಬಿದ್ದುಹೋದ ಬೆಲೆ. ವರ್ಷಗಟ್ಟಲೆ ಮಾವನ ತಲೆ ತಿಂದಳು. ಕೊನೆಗೊಂದು ಸುಗ್ಗಿಯಲ್ಲಿ ವ್ಯಾಪಾರಿ ಮುಗ್ಗಲು ಹಿಡಿದ ಗೋಧಿಯನ್ನು ಮೂಸಿ, ಬಂದ ಲಾರಿಯನ್ನು ಖಾಲಿಯೇ ತಿರುಗಿಸಿಕೊಂಡು ಹೋದಾಗ ಮಾವ ಹೂಂಗುಟ್ಟಿದ.

ಅಂದಾಜು ಹಾಕಲು ಬಂದವನು ಟೇಪಣ್ಣ. ಸೊಂಟದಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಆ ಹೆಸರು. ಸುತ್ತಮುತ್ತಲಿನ ದೊಡ್ಡ ಶೆಡ್ಡುಗಳೆಲ್ಲ ಅವನು ಕಟ್ಟಿದವೇ. ಜಗಲಿಯ ಮೇಲೆ ಕೂತು ಅವನು ಒಂದೊಂದೇ ಬಾಬ್ತು ಹೇಳುತ್ತಾ ಹೋದ. ಅವಳು ಹೊಸ್ತಿಲ ಬಳಿ ಕೂತು ಒಂದೊಂದನ್ನೇ ಹಿಡಿದು ಜಗ್ಗಿದಳು.

"ಎರಡು ಶಟರ್ ಯಾಕೆ? ಲಾರಿ ಒಳಗೇ ಬರೋ ಹಾಗೆ ಒಂದೇ ದೊಡ್ಡದು ಹಾಕಿ. ಬಣ್ಣ ಬೇಡ. ಮುಂದಿನ ಚಾವಣಿ ಯಾರಿಗೆ, ನೆಂಟರಿಗಾ? ಅದೂ ಬೇಡ. ಶೀಟು ಮಾತ್ರ ದಪ್ಪದ್ದೇ ಇರಲಿ, ಅಲ್ಲಿ ಕೈ ಬಿಗಿ ಹಿಡೀಬೇಡಿ. ಗಾಳಿಕಿಂಡಿಗೆ ಜಾಲರಿ ಇರಲೇಬೇಕು. ಉಳಿದದ್ದು ಅನಾವಶ್ಯಕ ಖರ್ಚು, ತೆಗೆದುಹಾಕಿ."

"ಅಕ್ಕ, ಇನ್ನು ನನ್ನ ಚರ್ಮ ಸುಲಿದು ಮೇಲೆ ಹೊದಿಸಿಬಿಡಿ," ಎಂದ ಟೇಪಣ್ಣ.

ಮಾವ ನಕ್ಕ. "ಮಾತಾಡ್ಲಿ ಬಿಡಿ. ಈ ಮನೇಲಿ ಲೆಕ್ಕ ಬರೋದು ಅವಳೊಬ್ಬಳಿಗೇ."

ಮದುವೆಯಾಗಿ ಬಂದ ಮೇಲೆ ಮಾವನ ಬಾಯಿಂದ ಕೇಳಿದ ಮೊದಲ ಹೊಗಳಿಕೆ ಅದು. ಅವಳ ಮುಖ ಕೆಂಪೇರಿತು. ಇನ್ನೂ ಎರಡು ಬಾಬ್ತು ಕಡಿಸಿದಳು.

ಆಮೇಲೆ ಜಾಗದ ಮಾತು ಬಂತು. ಕಣದ ಪಕ್ಕದ ನೆಲ ತಗ್ಗು, ನೀರು ನಿಲ್ಲುತ್ತದೆ, ಸೊಂಟದೆತ್ತರ ಮಣ್ಣು ತುಂಬಿಸಿ ರೋಲರ್ ಹೊಡೆಸಬೇಕು, ಇಡೀ ಖರ್ಚಿನ ಕಾಲುಭಾಗ ಆ ಮಣ್ಣಿಗೇ ಹೋಗುತ್ತದೆ ಎಂದು ಟೇಪಣ್ಣ ಹೇಳಿದ.

"ಹಾಗಾದ್ರೆ ಮೇಲಿನ ಜಾಗ ಅಳೆದು ನೋಡಿ," ಎಂದ ಮಾವ.

ಮೇಲಿನ ಜಾಗವೆಂದರೆ ತನ್ನ ಮನೆಯ ಪಕ್ಕದ ಬಯಲು ಎಂದುಕೊಂಡಳು ಅವಳು. ಯಾರಾದರೂ ಟೇಪಿನ ತುದಿ ಹಿಡಿಯಿರಿ ಎಂದಾಗ ಮೈದುನ ಫೋನಿನಿಂದ ತಲೆಯೆತ್ತಲಿಲ್ಲ. ಅವಳೇ ಹಿಡಿದಳು. ಮಾವ ಕೈಬೀಸಿ "ಇನ್ನೂ ಹಿಂದೆ, ಇನ್ನೂ ಹಿಂದೆ" ಎನ್ನುತ್ತಿದ್ದ. ಹಿಂದೆ ಹಿಂದೆ ಸರಿದು ಬೆನ್ನಿಗೆ ತನ್ನ ಮನೆಯ ಗೋಡೆ ತಗಲಿತು.

"ಸಾಕಾ ಮಾವ?"

"ಸಾಲಲ್ಲ. ಒಳಗೆ ಹೋಗು."

ತಮಾಷೆಯೆಂದು ನಕ್ಕಳು. ಮಾವ ನಗಲಿಲ್ಲ. ಟೇಪು ಹಿಡಿದು ಮುಂಬಾಗಿಲಿಂದ ಒಳಹೊಕ್ಕು ಹಿತ್ತಲ ಬಾಗಿಲಿಂದ ಹೊರಬಂದಳು. ನಡುಮನೆಯಲ್ಲಿ ಕೂತು ಬರೆಯುತ್ತಿದ್ದ ಮಗಳು ಟೇಪಿಗೆ ದಾರಿಬಿಡಲು ಕಾಲೆತ್ತಿಕೊಂಡಳು.

ಮುಂದಿನ ವಾರ ಟೇಪಣ್ಣ ಎರಡು ರೇಟು ತಂದ. ಮೇಲಿನ ಜಾಗದ್ದು ಬಹಳ ಕಡಿಮೆ. ಅದರ ಕೊನೆಯಲ್ಲಿ ಹಳೆಯ ಬಾಗಿಲು, ಕಿಟಕಿ, ಹೆಂಚು ಮಾರಿದರೆ ಬರುವ ಹಣವನ್ನು ಕಳೆದು ತೋರಿಸಿದ್ದ.

"ಮಾವ, ನಾವೆಲ್ಲಿರೋದು?"

"ನೀನೇ ಅಲ್ವೇನಮ್ಮ ಅನಾವಶ್ಯಕ ಖರ್ಚು ಬೇಡ ಅಂದಿದ್ದು? ಮಣ್ಣು ತುಂಬ್ಸೋದು ಅನಾವಶ್ಯಕ ಖರ್ಚು."

"ಅದು ನಿಮ್ಮ ಮಗ ಕಟ್ಟಿದ ಮನೆ."

"ಅವನಿದ್ದಾಗ ಮನೆ. ಈಗ ಎರಡು ರೂಮು."

ಮೈದುನ ಕಿಸಕ್ಕನೆ ನಕ್ಕ. ಅವಳು ಟೇಪಣ್ಣನ ಮುಖ ನೋಡಿದಳು. ಅವನು ಹಾಳೆ ಸುತ್ತುತ್ತಾ, "ಜಾಗ ಆರಿಸೋರು ಯಜಮಾನ್ರು ಅಕ್ಕ. ನಾನು ರೇಟು ಹೇಳೋನು," ಎಂದ.

ದೊಡ್ಡ ಮನೆಯ ಹಿಂದೆ ಗೊಬ್ಬರದ ಚೀಲ ಇಡುತ್ತಿದ್ದ ಕೋಣೆಯನ್ನು ತಾಯಿ ಮಗಳಿಗೆ ಬಿಟ್ಟುಕೊಟ್ಟರು. ಎಷ್ಟು ತೊಳೆದರೂ ಕಣ್ಣುರಿಯುವ ಘಾಟು ಹೋಗಲಿಲ್ಲ. ಮನೆ ಕೆಡವುವ ದಿನ ಆಳುಗಳಿಗೆ ಅಡುಗೆ ಮಾಡಲು ಮಾವ ಅವಳಿಗೇ ಹೇಳಿದ. ಮಾಡಿದಳು. ಗೋಡೆ ಉರುಳುವ ಸದ್ದು ಕೇಳುತ್ತಾ ಒಗ್ಗರಣೆ ಹಾಕಿದಳು. ಮೈಯೆಲ್ಲ ಧೂಳಾಗಿ ಬಂದು ಕೂತವರಿಗೆ ಬಡಿಸುತ್ತಾ, ಉಪ್ಪು ಸರಿಯಿದೆಯಾ ಎಂದು ಕೇಳಿದಳು. ಹಾಗೆ ಕೇಳಿದ್ದಕ್ಕೆ ನಾಚಿಕೆಯಾಗಿ ಒಳಗೆ ಹೋಗಿ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಹಾಗಿದ್ದೂ ಕಟ್ಟಡ ಏಳುವಾಗ ಅವಳಿಗೆ ಸುಮ್ಮನಿರಲಾಗಲಿಲ್ಲ. ನೆಲದ ಇಳಿಜಾರು ತಪ್ಪಿದಾಗ ಒಡೆಸಿ ಮತ್ತೆ ಹಾಕಿಸಿದಳು.

ಮೊದಲ ಫಸಲು ಒಳಗೆ ಸೇರಿದ ದಿನ ನೆಂಟರಿಷ್ಟರು ಬಂದರು. ಮಾವ ಕಿರಿಮಗನ ಭುಜ ತಟ್ಟಿ, "ಎಲ್ಲಾ ಇವನದೇ ಪ್ಲಾನು" ಎಂದ. ಮೈದುನ ನೆಲ ನೋಡುತ್ತಾ ವಿನಯ ತೋರಿಸಿದ. ಲೋಟ ತೆಗೆಯುತ್ತಿದ್ದ ಹಿರಿಸೊಸೆ ಲೋಟಗಳನ್ನು ಅಲ್ಲೇ ಇಟ್ಟಳು.

"ಮಾವ, ನಮ್ಮ ಯಜಮಾನರ ಪಾಲು ಕೊಟ್ಟುಬಿಡಿ. ನಾನೂ ಮಗಳೂ ಹೋಗ್ತೀವಿ."

"ಕೊಡೋಣ. ಎಲ್ಲಾ ಇದರ ಮೇಲೇ ಸುರಿದಿದೀನಲ್ಲಮ್ಮ. ಯಾವುದು ಬೇಕು ಹೇಳು. ಶಟರ್ ಬಿಚ್ಚಿ ಕೊಡ್ಲಾ, ಶೀಟು ಬಿಚ್ಚಿ ಕೊಡ್ಲಾ?"

ಎಲ್ಲರೂ ನಕ್ಕರು. ಕೆಲವರು ಪಾಪ ಎನ್ನುವಂತೆ ಮೆಲ್ಲಗೆ ನಕ್ಕರು.

ಮರುದಿನ ಬೆಳಿಗ್ಗೆ ಮಗಳ ಕೈಹಿಡಿದು ಪೇಟೆಗೆ ಹೋಗಿ, ಟೈರಿನಂಗಡಿಯ ಮಹಡಿಯಲ್ಲಿದ್ದ ಟೇಪಣ್ಣನ ಆಫೀಸು ಹತ್ತಿದಳು. "ನಿಮ್ಮ ರೇಟು ಇಳಿಸೋಕೆ ಬರೋರ ಬಾಯಿ ಮುಚ್ಚಿಸ್ತೀನಿ. ಕೆಲಸ ಕೊಡಿ." ಅವಳ ಚೌಕಾಸಿಯಿಂದ ಏಟು ತಿಂದವನಿಗೆ ಅವಳ ಬೆಲೆ ಗೊತ್ತಿತ್ತು. ಅವಳ ಗತಿಯೂ ಗೊತ್ತಿತ್ತು. ಗಂಡಸಿಗೆ ಕೊಡುವುದರ ಅರ್ಧ ಸಂಬಳ ಹೇಳಿದ. ಒಪ್ಪಿದಳು. ಕೋರ್ಟು ಮೆಟ್ಟಿಲು ಹತ್ತಲು ಆ ಸಂಬಳ ಸಾಲುತ್ತಿರಲಿಲ್ಲ. ಬಾಡಿಗೆಗೆ ಸಾಲುತ್ತಿತ್ತು.

ಕೆಲವು ವರ್ಷದ ಮೇಲೆ ಮಾವ ಕೈಕೋಲೂರಿಕೊಂಡು ಆ ಮಹಡಿ ಹತ್ತಿ ಬಂದ. ಇನ್ನೊಂದು ಗೋದಾಮು ಬೇಕಿತ್ತು. ಅವಳನ್ನು ಕಂಡು ಅವನಿಗೆ ಮುಜುಗರವೇನೂ ಆಗಲಿಲ್ಲ.

"ನಮ್ಮ ಮನೆ ಸೊಸೆ ಇಲ್ಲೇ ಇದಾಳಲ್ಲ, ರೇಟು ನೋಡಿ ಹಾಕ್ರಪ್ಪ," ಎಂದು ಕುರ್ಚಿ ಎಳೆದುಕೊಂಡ. "ಮೊಮ್ಮಗಳು ಎಷ್ಟನೇ ಕ್ಲಾಸು?"

"ಓದು ಬಿಡಿಸಿದೆ. ಬಟ್ಟೆ ಅಂಗಡೀಲಿದಾಳೆ."

"ಒಳ್ಳೇದಾಯ್ತು. ಹೆಣ್ಣುಮಕ್ಕಳಿಗೆ ಕೈಯಲ್ಲೊಂದು ಕೆಲಸ ಇರ್ಬೇಕು. ಟೀ ಇದೆಯೇನಮ್ಮ?"

ಟೀ ತರಿಸಿದಳು. ಮಧ್ಯಾಹ್ನದವರೆಗೂ ಅವನು ಜಗ್ಗಿದ. ಅವಳು ಒಂದು ಪೈಸೆ ಬಿಡಲಿಲ್ಲ. ಕೊನೆಗೆ ಒಪ್ಪಿ, ಮುಂಗಡ ಎಣಿಸಿ ಎದ್ದ. ದುಬಾರಿಯಾದದ್ದು ಅವನಿಗೆ ನೋವೇ ಆಗಿರಲಿಲ್ಲ. ಆ ವರ್ಷ ಗೋಧಿಗೆ ಒಳ್ಳೆಯ ಬೆಲೆ ಬಂದಿತ್ತು.

"ಗಟ್ಟಿ ಕುಳ ಅಕ್ಕ ನಿಮ್ಮ ಮಾವ," ಎಂದು ಟೇಪಣ್ಣ ಮುಂಗಡದ ಹಣವನ್ನು ಜೇಬಿಗಿಳಿಸಿದ.

ಅವಳು ಹೂಂ ಎಂದು, ಮಾವ ಕುಡಿದಿಟ್ಟ ಲೋಟ ತೊಳೆದು ಉಳಿದ ಲೋಟಗಳ ಜೊತೆ ಬೋರಲು ಹಾಕಿದಳು.